ಅನ್ನ ಕಲಸೋಕೆ ಬಾರದ ಸೂಪರ್‌ಹೀರೋ

ಹೋದ ಸಲ ಈ ಅಂಕಣದಲ್ಲಿ ಮೆಕ್ಯಾನಿಕಲ್ ಕೀಬೋರ್ಡ್ ಬಗ್ಗೆ ಬರೆದಾಗ ಕೊನೇಲಿ ಒಂದು ಮಾತು ಸೇರಿಸಿದ್ದೆ: ನನ್ನ ಮೇಜಿನ ಅರ್ಧ ಜಾಗ ಕೀಬೋರ್ಡಿಗೆ, ಇನ್ನರ್ಧ ಗೊಂಬೆಗಳಿಗೆ ಅಂತ. ನೋಡಿದ್ರೆ ಕೀಬೋರ್ಡ್ ಬಗ್ಗೆ ಬಂದಿದ್ದಕ್ಕಿಂತ ಗೊಂಬೆ ಬಗ್ಗೆ ಬಂದ ಪ್ರಶ್ನೆಗಳೇ ಜಾಸ್ತಿ. 'ಮೂವತ್ತು ವರ್ಷದವರು ಗೊಂಬೆ ಇಟ್ಕೊಂಡು ಏನ್ ಮಾಡ್ತೀರಿ ಸಾರ್?' ಅಂತ ಒಬ್ಬರು. 'ನಮ್ಮನೇಲೂ ಒಬ್ಬರಿದ್ದಾರೆ, ಇದು ವಾಸಿಯಾಗುತ್ತಾ?' ಅಂತ ಇನ್ನೊಬ್ಬರು, ಬಹುಶಃ ಹೆಂಡತಿ. ಇಬ್ಬರಿಗೂ ಸೇರಿಸಿ ಇವತ್ತು ಉತ್ತರ ಬರೀತಿದ್ದೀನಿ. ನಾನು ಸಿನಿಮಾ ಮಾಡ್ತೀನಿ. ಇಲ್ಲ, ವಾಸಿಯಾಗಲ್ಲ.

ಇದಕ್ಕೆ ಸ್ಟಾಪ್ ಮೋಷನ್ ಅಂತಾರೆ. ಗೊಂಬೇನ ಒಂಚೂರು ಸರಿಸೋದು, ಒಂದು ಫೋಟೋ ತೆಗೆಯೋದು. ಮತ್ತೆ ಒಂಚೂರು ಸರಿಸೋದು, ಮತ್ತೊಂದು ಫೋಟೋ. ಹೀಗೆ ತೆಗೆದ ಫೋಟೋಗಳನ್ನ ಸಾಲಾಗಿ ಓಡಿಸಿದ್ರೆ ಗೊಂಬೆ ತಾನಾಗೇ ನಡೆದಾಡಿದ ಹಾಗೆ ಕಾಣುತ್ತೆ. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ. ಆದರೆ ಒಂದೊಂದು ಫೋಟೋನೂ ಎರಡೆರಡು ಫ್ರೇಮ್ ನಿಲ್ಲಿಸಿದ್ರೆ 12 ಫೋಟೋ ಸಾಕು. ಕಸುಬಿನವರು ಇದನ್ನ 'ಆನ್ ಟೂಸ್' ಅಂತಾರೆ. 2018ರ 'ಸ್ಪೈಡರ್‌ಮ್ಯಾನ್: ಇನ್‌ಟು ದ ಸ್ಪೈಡರ್‌ವರ್ಸ್' ನೋಡಿದ್ದೀರಲ್ಲ? ಅದು ಕಂಪ್ಯೂಟರಿನಲ್ಲೇ ಮಾಡಿದ್ದು. ಆದರೂ ಹೊಸಬ ಮೈಲ್ಸ್‌ನನ್ನ ಬೇಕಂತಲೇ 12ರಲ್ಲಿ ಓಡಿಸಿ, ಪಕ್ಕದಲ್ಲಿರೋ ಅನುಭವಸ್ಥ ಪೀಟರ್‌ನನ್ನ 24ರಲ್ಲಿ ಓಡಿಸಿದ ದೃಶ್ಯಗಳಿವೆ. ಮೈಲ್ಸ್ ತಡವರಿಸ್ತಾನೆ ಅಂತ ನಮಗೆ ಅನ್ನಿಸುತ್ತೆ, ಯಾಕೆ ಅನ್ನೋದು ಗೊತ್ತಾಗಲ್ಲ. ಇನ್ನೊಂದ್ಸಲ ನೋಡುವಾಗ ಗಮನಿಸಿ.

ಲೆಕ್ಕ ಹೇಳಿಬಿಡ್ತೀನಿ. ನನ್ನ ಈಗಿನ ಚಿತ್ರ 50 ಸೆಕೆಂಡಿನದು. ಅಂದ್ರೆ 600 ಫೋಟೋ. ಆಫೀಸು, ಊಟ ಎಲ್ಲ ಮುಗಿಸಿ ಎರಡು ಗಂಟೆ ಕೂತರೆ ಮೂರು ಸೆಕೆಂಡು ಆಗುತ್ತೆ. ಕಾಗದದ ಮೇಲೆ ಇದು ಹದಿನೇಳು ರಾತ್ರಿಯ ಕೆಲಸ. ನಿಜದಲ್ಲಿ ಎರಡು ತಿಂಗಳು, ಯಾಕಂದ್ರೆ ರಿಲೀಸ್ ಇರೋ ವಾರ, ಆನ್‌ಕಾಲ್ ಇರೋ ವಾರ, ಮದುವೆಗೆ ಊರಿಗೆ ಹೋಗೋ ವಾರ ಇದಾವಲ್ಲ. ನಮ್ಮ ಸ್ಪ್ರಿಂಟ್ ಎಸ್ಟಿಮೇಟ್‌ಗಿಂತ ಇದೇ ಎಷ್ಟೋ ವಾಸಿ ಬಿಡಿ.

ನಮ್ಮ ದೇಶದಲ್ಲಿ ಈ ಹುಚ್ಚು ಹೊಸದೇನಲ್ಲ. ದಾದಾಸಾಹೇಬ್ ಫಾಲ್ಕೆ 'ರಾಜಾ ಹರಿಶ್ಚಂದ್ರ' (1913) ಮಾಡೋಕೆ ಮುಂಚೆ ಒಂದು ಕುಂಡದಲ್ಲಿ ಬಟಾಣಿ ನೆಟ್ಟು, ದಿನಕ್ಕೊಂದು ಫ್ರೇಮಿನಂತೆ ತಿಂಗಳಿಗೂ ಮೇಲೆ ತೆಗೆದು, ಗಿಡ ಬೆಳೆಯೋದನ್ನ ಪುಟ್ಟ ಚಿತ್ರ ಮಾಡಿದ್ರು. ದುಡ್ಡು ಹಾಕೋರನ್ನ ಒಪ್ಪಿಸೋಕೆ ತೋರಿಸಿದ್ದು ಅದನ್ನೇ. ನಮ್ಮ ಭಾಷೇಲಿ ಹೇಳೋದಾದ್ರೆ ಪ್ರೂಫ್ ಆಫ್ ಕಾನ್ಸೆಪ್ಟ್. ಆಮೇಲೆ ಬೆಂಕಿಕಡ್ಡಿಗಳನ್ನ ಕುಣಿಸಿ ಇನ್ನೊಂದು ಚಿತ್ರಾನೂ ಮಾಡಿದ್ರು. ಅದೇ ಹೊತ್ತಿಗೆ ಯೂರೋಪಿನಲ್ಲಿ ಲ್ಯಾಡಿಸ್ಲಾಸ್ ಸ್ಟಾರೆವಿಚ್ ಅನ್ನೋರು ಜೀರುಂಡೆಗಳ ಕಾಳಗ ಚಿತ್ರಿಸೋಕೆ ಹೋದ್ರು. ದೀಪ ಹಾಕಿದ ಕೂಡಲೇ ಹುಳಗಳು ಸುಮ್ಮನಾಗಿಬಿಡ್ತಿದ್ವು. ಸತ್ತ ಜೀರುಂಡೆಗಳಿಗೇ ತಂತಿಯ ಕಾಲು ಕಟ್ಟಿ, ಒಂದೊಂದೇ ಫ್ರೇಮ್ ಸರಿಸಿ ಕಾಳಗ ಆಡಿಸಿದ್ರು. ಅವರ 1912ರ ಚಿತ್ರದಲ್ಲಿ ಜೀರುಂಡೆ ದಂಪತಿಯ ಕಳ್ಳಪ್ರೇಮದ ಕಥೆಯೇ ಇದೆ. ಸತ್ತ ಹುಳಗಳು ಇಷ್ಟು ಚೆನ್ನಾಗಿ ನಟಿಸಿರೋವಾಗ ನನ್ನ ಪ್ಲಾಸ್ಟಿಕ್ ಗೊಂಬೆಗೆ ಏನು ಧಾಡಿ?

ಶುರು ಮಾಡೋಕೆ ಬೇಕಾಗಿರೋದು ಕಡಿಮೆ. ಫೋನು, ಅಲ್ಲಾಡದ ಟ್ರೈಪಾಡ್, ಸ್ಟಾಪ್ ಮೋಷನ್ ಸ್ಟುಡಿಯೋದಂಥ ಒಂದು ಆ್ಯಪ್. ಹಿಂದಿನ ಫೋಟೋವನ್ನ ತೆಳ್ಳಗೆ ಮಾಡಿ ಈಗಿನ ದೃಶ್ಯದ ಮೇಲೆ ಆ್ಯಪ್ ತೋರಿಸುತ್ತೆ. ಈರುಳ್ಳಿ ಪದರದ ಮೂಲಕ ನೋಡಿದ ಹಾಗೆ, ಅದಕ್ಕೇ ಅದರ ಹೆಸರು ಓನಿಯನ್ ಸ್ಕಿನ್. ಕೈ ಎಷ್ಟು ಸರೀತು, ತಲೆ ಎಲ್ಲಿತ್ತು ಅನ್ನೋದೆಲ್ಲ ಅದರಲ್ಲಿ ಗೊತ್ತಾಗುತ್ತೆ. ಕ್ಯಾಮೆರಾದಲ್ಲಿ ಆಟೋ ಅಂತ ಇರೋದೆಲ್ಲ ಆಫ್ ಆಗಿರಬೇಕು. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರೂ ಲಾಕ್. ಇಲ್ಲಾಂದ್ರೆ ಒಂದು ಫೋಟೋ ಹಳದಿ, ಮುಂದಿನದು ನೀಲಿ ಆಗಿ ಸಿನಿಮಾ ಪೂರ್ತಿ ಕಣ್ಣು ಮಿಟುಕಿಸುತ್ತೆ.

ಬೆಳಕಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಎಲ್ಲರೂ ಬೀಳೋದು ಇಲ್ಲೇ. ಕಿಟಕಿ ಬೆಳಕು ಚೆಂದ, ಆದರೆ ನಂಬೋಹಾಗಿಲ್ಲ. ಒಂದು ಮೋಡ ಹಾದುಹೋದ್ರೆ ನಿಮ್ಮ ಸಿನಿಮಾದಲ್ಲಿ ಅರ್ಧ ಸೆಕೆಂಡು ಸಂಜೆಯಾಗಿರುತ್ತೆ. ಅದಕ್ಕೇ ಪರದೆ ಎಳೆದು ದೀಪ ಹಾಕ್ಕೋಬೇಕು. ದೀಪಕ್ಕೂ ಒಂದು ತಕರಾರಿದೆ. ನಮ್ಮ ಮನೆ ಕರೆಂಟು 50 ಹರ್ಟ್ಜ್, ಹಾಗಾಗಿ ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಕಾಣಲ್ಲ, ಕ್ಯಾಮೆರಾಗೆ ಕಾಣುತ್ತೆ. ಶಟರ್ ಸ್ಪೀಡ್ 1/50 ಅಥವಾ 1/25 ಇಟ್ಟರೆ ಪ್ರತಿ ಫೋಟೋಗೂ ಪೂರ್ತಿ ಮಿನುಗುಗಳೇ ಸಿಗುತ್ತವೆ, ಬೆಳಕು ಸಮ ಆಗುತ್ತೆ. ಹಾಗೇ ಬಿಳಿ ಶರ್ಟು ಹಾಕ್ಕೊಂಡು ಕೂರಬೇಡಿ, ನಿಮ್ಮ ಮೈಯಿಂದ ಬೆಳಕು ವಾಪಸ್ ಗೊಂಬೆ ಮೇಲೆ ಬೀಳುತ್ತೆ. ಕಪ್ಪು ಟೀಶರ್ಟು, ಪ್ರತಿ ಸಲವೂ ಅದೇ ಜಾಗದಲ್ಲಿ ಕೂರೋದು. ಫ್ಯಾನ್ ಬಂದ್. ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಮೂರನೇ ಮಹಡಿಯ ಬಾಡಿಗೆ ರೂಮಿನಲ್ಲಿ ಪರದೆ ಎಳೆದು, ಫ್ಯಾನ್ ನಿಲ್ಲಿಸಿ, ಕಪ್ಪು ಟೀಶರ್ಟಿನಲ್ಲಿ ಕೂತಿರೋ ಒಬ್ಬ ಮನುಷ್ಯನನ್ನ ಕಲ್ಪಿಸಿಕೊಳ್ಳಿ. ಮನೆ ಓನರ್ ಬಾಗಿಲು ತಟ್ಟಿ 'ಎಲ್ಲ ಸರಿ ಇದೆ ತಾನೇ?' ಅಂತ ಕೇಳಿದ್ದು ಸುಮ್ಮನೇ ಅಲ್ಲ.

ಇನ್ನು ನಟರು. ಆ್ಯಕ್ಷನ್ ಫಿಗರ್‌ಗಳಲ್ಲಿ ಸ್ಟಾಪ್ ಮೋಷನ್‌ಗೆ ಅನುಕೂಲ ಆಗೋದು ಆರಿಂಚಿನವು, ಅಂದ್ರೆ ಮನುಷ್ಯನ ಹನ್ನೆರಡನೇ ಒಂದು ಭಾಗ. ಹ್ಯಾಸ್ಬ್ರೋ ಕಂಪನಿಯ ಮಾರ್ವೆಲ್ ಲೆಜೆಂಡ್ಸ್, ಬಂದಾಯ್ ಕಂಪನಿಯ ಫಿಗ್ವಾರ್ಟ್ಸ್ ಈ ಅಳತೆಯವು. ಕುತ್ತಿಗೆ, ಭುಜ, ಮೊಣಕೈ, ಸೊಂಟ, ಮಂಡಿ, ಪಾದ, ಎಲ್ಲ ಕಡೆ ಕೀಲು ಇರುತ್ತೆ. ಜಪಾನಿನವು ಬಿಗಿಯಾಗಿ, ನಾಜೂಕಾಗಿ ಇರ್ತವೆ, ಜೇಬಿಗೂ ಹಾಗೇ ನಾಜೂಕಾಗಿ ಕತ್ತರಿ ಹಾಕ್ತವೆ. ಹೊಸದೇ ಬೇಕು ಅಂತೇನಿಲ್ಲ. ಹೆಚ್ಚು ಆಡಿದ ಹಳೇ ಗೊಂಬೆಯ ಕೀಲು ಸಡಿಲ ಆಗಿರುತ್ತೆ ಅಷ್ಟೇ. ಕೀಲಿನ ಗುಂಡಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಪದರ ಹಚ್ಚಿ, ಪೂರ್ತಿ ಒಣಗಿಸಿ ಜೋಡಿಸಿದ್ರೆ ಮತ್ತೆ ಬಿಗಿ. ತುಂಬಾ ಬಿಗಿ ಇದ್ರೆ ಹೇರ್ ಡ್ರೈಯರ್ ಬಿಸಿ ತೋರಿಸಿ ನಿಧಾನಕ್ಕೆ ತಿರುಗಿಸಿ. ನನ್ನ ತಂಗಿಯ ನೇಲ್ ಪಾಲಿಶ್ ಯಾಕೆ ಬೇಗ ಬೇಗ ಖಾಲಿಯಾಗುತ್ತೆ ಅನ್ನೋದು ಅವಳಿಗೆ ಈ ಅಂಕಣ ಓದಿದ್ಮೇಲೆ ಗೊತ್ತಾಗುತ್ತೆ.

ಆದರೆ ಈ ಗೊಂಬೆಗಳಲ್ಲಿ ನನ್ನನ್ನ ಬಹಳ ಕಾಡಿದ ಒಂದು ವಿಷಯ ಇದೆ. ಇವು ಬಾರಿಸೋಕೆ, ಹಾರೋಕೆ, ಒಂದು ಮಂಡಿ ಊರಿ ಧೊಪ್ಪಂತ ಇಳಿಯೋಕೆ ಹುಟ್ಟಿದವು. ಚಕ್ಕಳಮಕ್ಕಳ ಹಾಕಿ ಕೂರಿಸೋಕೆ ಹೋಗಿ ನೋಡಿ, ಆಗಲ್ಲ. ತೊಡೆ ತಿರುಗಲ್ಲ. ಕೈ ಮುಗಿಸೋಕೆ ಹೋದ್ರೆ ಆ ಎದೆ ಅಡ್ಡ ಬರುತ್ತೆ, ಎರಡು ಅಂಗೈ ಒಂದಕ್ಕೊಂದು ಸೇರೋದೇ ಇಲ್ಲ. ಡಬ್ಬದಲ್ಲಿ ಬದಲಿ ಕೈಗಳು ಬರ್ತವೆ: ಮುಷ್ಟಿ, ಬೆರಳು ತೋರಿಸೋ ಕೈ, ಬಲೆ ಎಸೆಯೋ ಕೈ, ಕತ್ತಿ ಹಿಡಿಯೋ ಕೈ. ಅನ್ನ ಕಲಸೋ ಕೈಯನ್ನ ಮಾತ್ರ ಯಾವ ಕಂಪನಿಯೂ ಕೊಟ್ಟಿದ್ದು ನಾನು ನೋಡಿಲ್ಲ. ನನ್ನ ಕಥೆಗೆ ಬೇಕಾಗಿದ್ದು ಅದೇ.

ಕಥೆ ಏನು ಅಂದ್ರೆ: ರಿಟೈರ್ ಆದ ಸೂಪರ್‌ಹೀರೋ ಒಬ್ಬ ನಮ್ಮ ಅಡುಗೆಮನೆ ಕಟ್ಟೆ ಮೇಲೆ ವಾಸ ಮಾಡ್ತಾನೆ. ಊಟ ಮುಗಿಸಿ, ಎದ್ದು, ಕಾಫಿ ಲೋಟದ ತನಕ ನಡೆದು, ಅದನ್ನ ಎತ್ತಬೇಕು. ಅಷ್ಟೇ ಕಥೆ. ಹಿಂದೆ ಅವನು ಬಸ್ಸು ಎತ್ತಿದವನು, ಈಗ ಲೋಟ. ನಮ್ಮ ಸ್ಟೀಲ್ ಲೋಟ ಹತ್ತು ಸೆಂಟಿಮೀಟರ್ ಎತ್ತರ. ಹನ್ನೆರಡರಿಂದ ಗುಣಿಸಿದ್ರೆ ಅವನ ಪಾಲಿಗೆ ಅದು 120 ಸೆಂಟಿಮೀಟರಿನ ಡ್ರಮ್ಮು, ಎದೆಮಟ್ಟ ಬರುತ್ತೆ.

ಲೋಟ ಎತ್ತೋದರಲ್ಲಿ ಏನು ಕಷ್ಟ ಅಂತೀರಾ? ಗೊಂಬೆಗೆ ಭಾರ ಅನ್ನೋದೇ ಇಲ್ಲ, ಅದೇ ಕಷ್ಟ. ಪ್ರತಿ ಫ್ರೇಮಿನಲ್ಲೂ ಒಂದೇ ಅಳತೆ ಸರಿಸಿಕೊಂಡು ಹೋದ್ರೆ ಲೋಟ ಬಲೂನಿನ ಹಾಗೆ ಮೇಲೆ ತೇಲುತ್ತೆ. ಭಾರ ಇರೋದು ಅಳತೆಯ ವ್ಯತ್ಯಾಸದಲ್ಲಿ. ಮೊದಲು ಎತ್ತೋ ದಿಕ್ಕಿಗೆ ವಿರುದ್ಧ, ಅಂದ್ರೆ ಕೆಳಗೆ, ನಾಲ್ಕು ಫ್ರೇಮ್ ಕುಗ್ಗಬೇಕು. ಆಮೇಲೆ ಲೋಟ ಅಲ್ಲಾಡಬಾರದು, ಆದರೆ ಭುಜ ಮಾತ್ರ ಮೇಲೆ ಬರಬೇಕು, ಮೂರು ಫ್ರೇಮ್. ಇಲ್ಲಿ ನೋಡೋರಿಗೆ 'ಆಗ್ತಿಲ್ಲ ಪಾಪ' ಅನ್ನಿಸಬೇಕು. ನಂತರ ಒಂದು ಮಿಲಿಮೀಟರ್, ಮತ್ತೊಂದು ಮಿಲಿಮೀಟರ್, ಇದ್ದಕ್ಕಿದ್ದಂಗೆ ನಾಲ್ಕು ಮಿಲಿಮೀಟರ್. ಎತ್ತಿದ ಕೂಡಲೇ ಸೊಂಟ ಹಿಂದಕ್ಕೆ ಹೋಗಬೇಕು, ಯಾಕಂದ್ರೆ ಭಾರ ಮುಂದೆ ಇದೆ. ಡಿಸ್ನಿಯ ಹಳಬರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ತಮ್ಮ ಪುಸ್ತಕದಲ್ಲಿ ಆ್ಯನಿಮೇಷನ್ನಿನ 12 ಸೂತ್ರ ಬರೆದಿದ್ದಾರೆ, ಈ ಕುಗ್ಗೋದು, ನಿಧಾನಕ್ಕೆ ಶುರುವಾಗೋದು ಎಲ್ಲ ಅದರಲ್ಲಿದೆ. ಅದನ್ನ ಓದೋಕೆ ಪುರುಸೊತ್ತಿಲ್ಲದಿದ್ರೆ ಮನೆಗೆ ಗ್ಯಾಸ್ ಸಿಲಿಂಡರ್ ತರೋ ಹುಡುಗ ಅದನ್ನ ಹೆಗಲಿಂದ ಇಳಿಸೋದನ್ನ ಎರಡು ಸಲ ನೋಡಿ.

ದೊಡ್ಡವರ ಕೆಲಸಾನೂ ಹೀಗೇ ಕೂದಲೆಳೆಯದ್ದು. 1963ರ 'ಜೇಸನ್ ಆ್ಯಂಡ್ ದಿ ಆರ್ಗೊನಾಟ್ಸ್' ಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಮೂರು ಜನರ ಜೊತೆ ಕತ್ತಿವರಸೆ ಮಾಡ್ತವೆ. ಕೆಲವೇ ನಿಮಿಷದ ಆ ದೃಶ್ಯಕ್ಕೆ ರೇ ಹ್ಯಾರಿಹೌಸನ್ ಒಬ್ಬರೇ ಕೂತು ನಾಲ್ಕು ತಿಂಗಳಿಗೂ ಹೆಚ್ಚು ತಗೊಂಡ್ರು. 1933ರ 'ಕಿಂಗ್ ಕಾಂಗ್'ನ ದೈತ್ಯ ವಾನರ ಅಸಲಿಗೆ ಒಂದೂವರೆ ಅಡಿಯ ಗೊಂಬೆ, ಮೈಗೆ ಮೊಲದ ಚರ್ಮ. ಪ್ರತಿ ಫ್ರೇಮಿಗೂ ಬೆರಳು ತಾಗಿ ಅದರ ತುಪ್ಪಳು ಗಾಳಿಗೆ ಅಲ್ಲಾಡಿದ ಹಾಗೆ ಕಾಣುತ್ತೆ. ಅದು ಆಗಬಾರದ್ದಾಗಿತ್ತು. ಆದರೆ ವೆಸ್ ಆ್ಯಂಡರ್ಸನ್ 2009ರ 'ಫೆಂಟಾಸ್ಟಿಕ್ ಮಿಸ್ಟರ್ ಫಾಕ್ಸ್' ಮಾಡೋವಾಗ ನರಿಯ ತುಪ್ಪಳು ಹಾಗೇ ಅಲ್ಲಾಡಲಿ ಅಂತ ಬೇಕಂತಲೇ ಬಿಟ್ಟರು. ನನಗೂ ಅದು ಇಷ್ಟ. ಯಾರೋ ಮುಟ್ಟಿದ್ದಾರೆ ಅನ್ನೋದು ಕಾಣುತ್ತೆ.

ಈಗ ನಮ್ಮ ಹೀರೋ ಊಟ ಮುಗಿಸಿ ನೆಲದಿಂದ ಏಳೋ ದೃಶ್ಯ. ಮೂರು ಸೆಕೆಂಡಿನದು, 36 ಫೋಟೋ. ಚಕ್ಕಳಮಕ್ಕಳ ಆಗಲ್ವಲ್ಲ, ಅದಕ್ಕೆ ಬೆಂಕಿಪೊಟ್ಟಣದ ಗಾತ್ರದ ಮಣೆ ಮಾಡಿ, ಕಾಲು ಮುಂದೆ ಚಾಚಿ ಕೂರಿಸಿದೆ. ವಯಸ್ಸಾದವರು ಹೇಗೆ ಏಳ್ತಾರೆ ಅನ್ನೋಕೆ ಒಂದು ರೆಫರೆನ್ಸ್ ಬೇಕಿತ್ತು. ಸಂಕ್ರಾಂತಿಗೆ ಹಾಸನಕ್ಕೆ ಹೋದಾಗ ಅಪ್ಪನ್ನ ಕೇಳಿದೆ. 'ಸಿನಿಮಾಗೆ ಅಂತೀಯಾ, ಶರ್ಟ್ ಬದಲಾಯಿಸ್ತೀನಿ ಇರು' ಅಂದ್ರು. ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು, ಮಣೆ ಮೇಲೆ ಕೂತು, ಮೂರು ಸಲ ಎದ್ದು ತೋರಿಸಿದ್ರು. ನಾನು ಫೋನಿನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಓಡಿಸಿ ನೋಡಿದ್ರೆ ಏನೂ ವಿಶೇಷ ಇಲ್ಲ, ಅಪ್ಪ ಏಳ್ತಾರೆ ಅಷ್ಟೇ.

ರಾತ್ರಿ ಅದನ್ನ ಸೆಕೆಂಡಿಗೆ 12 ಚಿತ್ರ ಮಾಡಿ, ಒಂದೊಂದೇ ನೋಡ್ತಾ ಪುಸ್ತಕದಲ್ಲಿ ಗುರುತು ಹಾಕ್ಕೊಳ್ತಾ ಹೋದೆ. 4ನೇ ಫ್ರೇಮಿನಲ್ಲಿ ತಲೆ ಮುಂದೆ. 7ರಲ್ಲಿ ಎಡಗೈ ನೆಲಕ್ಕೆ. 11ರಲ್ಲಿ ಬಲಗೈ ಗೋಡೆಗೆ. ಬಲಗಾಲು ಮಾತ್ರ ಸುಮ್ಮನೆ ಹಿಂದೆ ಹಿಂದೆ ಎಳ್ಕೊಂಡು ಬರ್ತಿದೆ. 30ನೇ ಫ್ರೇಮಿನ ತನಕ ಆ ಮಂಡಿ ಮೇಲೆ ಭಾರಾನೇ ಬೀಳ್ತಿಲ್ಲ. ಎರಡನೇ ಸಲದ್ದು ನೋಡಿದೆ, ಹಾಗೇ. ಮೂರನೇದೂ ಹಾಗೇ. 22ನೇ ಫ್ರೇಮಿನಲ್ಲಿ, ಅಂದ್ರೆ ಸೆಕೆಂಡಿನ ಹನ್ನೆರಡನೇ ಒಂದು ಭಾಗ, ಮುಖ ಸಣ್ಣಗೆ ಹಿಂಡಿದ ಹಾಗಾಗಿ, ಮರುಫ್ರೇಮಿಗೆ ಮತ್ತೆ ಕ್ಯಾಮೆರಾ ಮುಖ.

ಬೆಳಿಗ್ಗೆ ಕೇಳಿದೆ. 'ಅಪ್ಪ, ಬಲ ಮಂಡಿ ನೋಯುತ್ತಾ?'

'ವಯಸ್ಸಾಗಲ್ವೇನೋ' ಅಂದ್ರು, ಪೇಪರಿನಿಂದ ಮುಖ ಎತ್ತದೆ.

ಒಳಗಿಂದ ಅಮ್ಮ, 'ದೀಪಾವಳಿಯಿಂದ ಎಣ್ಣೆ ಹಚ್ಚಿ ಉಜ್ಕೊಳ್ತಾನೇ ಇದಾರೆ. ನಿಂಗೆ ಹೇಳ್ಬೇಡ ಅಂದಿದ್ರು, ಕೆಲಸ ಬಿಟ್ಟು ಓಡಿ ಬರ್ತೀಯ ಅಂತ.'

ಅವತ್ತೇ ಮೂಳೆ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಎಕ್ಸ್‌ರೇ ಆಯ್ತು. ಮಂಡಿ ಸವೆದಿದೆ, ಆಪರೇಷನ್ ಮಾಡೋ ಹಂತ ಅಲ್ಲ, ತೊಡೆಗೆ ವ್ಯಾಯಾಮ ಮಾಡಿ, ತೂಕ ಇಳಿಸಿ, ನೆಲದ ಮೇಲೆ ಕೂತು ಏಳೋದು ಕಡಿಮೆ ಮಾಡಿ ಅಂದ್ರು. ಡಾಕ್ಟರಿಗೆ ನಾನು ಫ್ರೇಮ್ ನಂಬರ್ ಸಮೇತ ವಿಡಿಯೋ ತೋರಿಸಿದ್ದಕ್ಕೆ ಅವರು ಒಂದು ನಿಮಿಷ ನನ್ನನ್ನೇ ನೋಡಿ, 'ನೀವೂ ಡಾಕ್ಟರಾ?' ಅಂತ ಕೇಳಿದ್ರು. ಅಪ್ಪ ಹೆಮ್ಮೆಯಿಂದ, 'ಇಲ್ಲ ಸಾರ್, ಗೊಂಬೆ ಆಡ್ತಾನೆ' ಅಂದ್ರು. ಈಗ ಮನೇಲಿ ಊಟ ಟೇಬಲ್ಲಿನ ಮೇಲೆ. ಅಪ್ಪ ದಿನಾ ಸಂಜೆ ಕುರ್ಚಿ ಮೇಲೆ ಕೂತು ಕಾಲು ಎತ್ತಿ ಹತ್ತು ಎಣಿಸ್ತಾರೆ. ಎಂಟಕ್ಕೇ ನಿಲ್ಲಿಸ್ತಾರೆ ಅಂತ ಅಮ್ಮನ ದೂರು.

ಆ 36 ಫೋಟೋಗಳನ್ನ ನಾನು ಬದಲಾಯಿಸಲಿಲ್ಲ. ನಮ್ಮ ಹೀರೋ ಎಡಗೈ ಊರಿ, ಬಲಗೈಯಲ್ಲಿ ಸಾಂಬಾರ್ ಪುಡಿ ಡಬ್ಬ ಹಿಡಿದು, ಬಲಗಾಲು ಎಳ್ಕೊಂಡೇ ಏಳ್ತಾನೆ. ಮುಖಕ್ಕೆ ಮುಸುಕು ಇರೋದ್ರಿಂದ 22ನೇ ಫ್ರೇಮ್ ತೋರಿಸೋಕೆ ಆಗಲಿಲ್ಲ, ತಲೆ ಒಂಚೂರು ಬಗ್ಗಿಸಿದೆ. ಆ ತುಣುಕನ್ನ ಮನೆ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದಾಗ ಅಪ್ಪನಿಂದ ಬಂದ ವಾಯ್ಸ್ ಮೆಸೇಜ್ ಹೀಗಿತ್ತು: 'ಇವನ್ಯಾಕೋ ನನ್ ಥರ ಏಳ್ತಾನೆ?'

ಈ ನಡುವೆ ಆಫೀಸಿನ ಗೆಳೆಯನೊಬ್ಬ, 'ಎರಡು ತಿಂಗಳು ಯಾಕೆ ಕಷ್ಟಪಡ್ತೀಯ ಗುರು, ಎಐಗೆ ಹೇಳು' ಅಂತ ಅಲ್ಲೇ ಕೂತು ಟೈಪ್ ಮಾಡಿ ಎಂಟು ಸೆಕೆಂಡಿನ ವಿಡಿಯೋ ತೆಗೆದುಕೊಟ್ಟ. ಸುಳ್ಳು ಹೇಳಲ್ಲ, ಬೆಳಕು ನನ್ನದಕ್ಕಿಂತ ಚೆನ್ನಾಗಿತ್ತು. ಹೀರೋ ಬಂದ, ಲೋಟಾನ ಸಲೀಸಾಗಿ ಎತ್ತಿದ, ನಕ್ಕ. ನನ್ನ ಕಥೆ ಇರೋದೇ ಲೋಟ ಸಲೀಸಾಗಿ ಏಳದೇ ಇರೋದ್ರಲ್ಲಿ ಅಂತ ಹೇಳಿದೆ. 'ಪ್ರಾಂಪ್ಟ್ ಬದಲಾಯಿಸೋಣ' ಅಂದ. ಕೋಡ್ ಬರೆಯೋಕೆ ನಾನೂ ದಿನಾ ಎಐ ಬಳಸ್ತೀನಿ, ಅದರ ಮೇಲೆ ಮುನಿಸೇನಿಲ್ಲ. ಆದರೆ ಅಪ್ಪನ ಮಂಡಿ ನನಗೆ ಕಂಡಿದ್ದು 36 ಚಿತ್ರಗಳನ್ನ ಕೈಯಾರೆ ಎಣಿಸ್ತಾ ಕೂತಿದ್ದಕ್ಕೆ. ಅದನ್ನ ಅವನಿಗೆ ಹೇಳಲಿಲ್ಲ, ಸ್ಟ್ಯಾಂಡಪ್ ಮೀಟಿಂಗಿಗೆ ಕರೀತಿದ್ರು.

ಮಾಡಬೇಕು ಅನ್ನಿಸಿದೋರಿಗೆ ಒಂದೆರಡು ಮಾತು. ಮೊದಲ ಚಿತ್ರ ಹತ್ತು ಸೆಕೆಂಡು ಮೀರಬಾರದು. ಹೊಡೆದಾಟ ಬೇಡ, ಎಲ್ಲರೂ ಅದನ್ನೇ ಮಾಡೋದು, ಅದು ಕಾಣಿಸಿದಷ್ಟು ಸುಲಭಾನೂ ಅಲ್ಲ. ಒಂದು ಗೊಂಬೆ ತಿರುಗಿ ನೋಡೋದು, ಅಷ್ಟೇ ಮಾಡಿ. ತಲೆಗಿಂತ ಮುಂಚೆ ಭುಜ ತಿರುಗಿಸಿ ನೋಡಿ, ಆಮೇಲೆ ಭುಜಕ್ಕಿಂತ ಮುಂಚೆ ತಲೆ ತಿರುಗಿಸಿ ನೋಡಿ. ಒಂದರಲ್ಲಿ ಅನುಮಾನ, ಇನ್ನೊಂದರಲ್ಲಿ ಗಾಬರಿ ಕಾಣುತ್ತೆ. ಪಾದದ ಕೆಳಗೆ ಬ್ಲೂಟ್ಯಾಕ್ ಕಡ್ಡಾಯ. ಹಾರೋ ದೃಶ್ಯಕ್ಕೆ ಗೊಂಬೇನ ತಂತಿಗೆ ಸಿಕ್ಕಿಸಿ ಫೋಟೋ ತೆಗೆಯಿರಿ, ಗೊಂಬೆ ಇಲ್ಲದ ಖಾಲಿ ಜಾಗದ ಫೋಟೋನೂ ಒಂದು ತೆಗೆದಿಟ್ಟುಕೊಳ್ಳಿ, ಆಮೇಲೆ ಎಡಿಟಿಂಗಿನಲ್ಲಿ ತಂತಿ ಅಳಿಸೋಕೆ ಅದು ಬೇಕು. ಮತ್ತೆ, ಮನೇಲಿ ಬೆಕ್ಕಿದ್ರೆ ಬಾಗಿಲಿಗೆ ಚಿಲಕ.

ನನ್ನ ಚಿತ್ರ ಈಗ 41ನೇ ಸೆಕೆಂಡಿನಲ್ಲಿ ನಿಂತಿದೆ. ಲೋಟದಿಂದ ಡಬರಿಗೆ ಕಾಫಿ ಸುರಿಯೋ ದೃಶ್ಯ ಬಾಕಿ. ನಿಜವಾದ ಕಾಫಿ ಫೋಟೋಗೆ ಅಂತ ಕಾಯ್ಕೊಂಡು ಗಾಳಿಯಲ್ಲಿ ನಿಲ್ಲಲ್ಲ ನೋಡಿ. ಹಾಟ್ ಗ್ಲೂ ಗನ್‌ನಿಂದ ಗೋಂದಿನ ಎಳೆ ಎಳೆದು, ಆರಿಸಿ, ಕಂದು ಬಣ್ಣ ಬಳಿದು ಒಂಬತ್ತು ಬೇರೆ ಬೇರೆ ಉದ್ದದ ಧಾರೆ ಮಾಡಿಟ್ಟಿದ್ದೀನಿ, ಫ್ರೇಮಿಗೊಂದು ಬದಲಾಯಿಸೋಕೆ. ನೊರೆಗೆ ಹತ್ತಿ ಹಾಕಿ ನೋಡಿದೆ, ಮೋಡದ ಹಾಗಿದೆ. ಸೋಪಿನ ನೊರೆ ಮೂರನೇ ಫೋಟೋಗೇ ಇಳಿದುಹೋಗುತ್ತೆ. ಶೇವಿಂಗ್ ಕ್ರೀಮ್ ಸ್ವಲ್ಪ ಹೊತ್ತು ನಿಲ್ಲುತ್ತೆ, ಆದರೆ ಬಿಳಿ ಜಾಸ್ತಿ. ಅದಕ್ಕೆ ಚಿಟಿಕೆ ಇನ್‌ಸ್ಟಂಟ್ ಕಾಫಿ ಪುಡಿ ಬೆರೆಸಿ ಶನಿವಾರ ರಾತ್ರಿ ನೋಡಬೇಕು. ನಿಮ್ಮಲ್ಲಿ ಯಾರಿಗಾದ್ರೂ ಕಾಲು ಗಂಟೆ ಇಳಿಯದ ನೊರೆ ಗೊತ್ತಿದ್ರೆ ಅಷ್ಟರೊಳಗೆ ತಿಳಿಸಿ.